ಮಾನವ ಹಕ್ಕು ಆಯೋಗಕ್ಕೆ ದೂರು: ಯಾರ ಮೇಲೆ, ಯಾವಾಗ, ಹೇಗೆ?

ಬಳ್ಳಾರಿ, ರಾಯಚೂರು, ಕೊಪ್ಪಳದ ಯಾವ ತಾಲ್ಲೂಕು ಕಚೇರಿಯ ಮುಂದೆ ನಿಂತರೂ ಒಂದಲ್ಲ ಒಂದು ದಿನ ಈ ಮಾತು ಕಿವಿಗೆ ಬೀಳುತ್ತದೆ: ‘ನೋಡ್ರಿ ಸಾಹೇಬ್ರ, ಹ್ಯೂಮನ್ ರೈಟ್ಸಿಗೆ ಹಾಕ್ತೀನಿ.’ ಎಲ್ಲಿ ಹಾಕಬೇಕು, ಏನು ಬರೆಯಬೇಕು, ಹಾಕಿದರೆ ಏನಾಗುತ್ತದೆ ಎಂಬುದು ಹೇಳುವವರಿಗೂ ಗೊತ್ತಿರುವುದು ಕಡಿಮೆ. ಅವರಿಗೆ ಗೊತ್ತಿಲ್ಲ ಎಂಬುದು ಮೇಜಿನ ಆಚೆ ಕುಳಿತವರಿಗೆ ಚೆನ್ನಾಗಿ ಗೊತ್ತು. ಹಾಗಾಗಿ ಬೆದರಿಕೆ ಅಲ್ಲಿಗೇ ಮುಗಿಯುತ್ತದೆ.

2022ರ ಬೇಸಿಗೆಯಲ್ಲಿ ರಾಯಚೂರು ನಗರದಲ್ಲಿ ನಲ್ಲಿಯ ಕಲುಷಿತ ನೀರು ಕುಡಿದು ಜನ ಆಸ್ಪತ್ರೆ ಸೇರಿದರು, ಕೆಲವರು ತೀರಿಕೊಂಡರು. 2024ರ ನವೆಂಬರಿನಲ್ಲಿ ಬಳ್ಳಾರಿ ಜಿಲ್ಲಾ ಆಸ್ಪತ್ರೆಯಲ್ಲಿ ಸಿಸೇರಿಯನ್ ಆದ ಬಾಣಂತಿಯರು ಒಬ್ಬರ ಹಿಂದೊಬ್ಬರು ಸತ್ತರು. ಇಂಥ ಹೊತ್ತಿನಲ್ಲಿ ಏಳುವ ಪ್ರಶ್ನೆ ಒಂದೇ: ನೀರು ಕೊಡಬೇಕಾದವರು, ಔಷಧಿ ಕೊಡಬೇಕಾದವರು, ಕಾವಲು ಕಾಯಬೇಕಾದವರಿಂದಲೇ ಕೇಡಾದರೆ ಯಾರ ಹತ್ತಿರ ಹೋಗುವುದು? ಹೋಗಬಹುದಾದ ಬಾಗಿಲುಗಳಲ್ಲಿ ಒಂದು ಮಾನವ ಹಕ್ಕುಗಳ ಆಯೋಗ. ಅಲ್ಲಿಗೆ ದುಡ್ಡು ಬೇಕಿಲ್ಲ, ವಕೀಲರೂ ಬೇಕಿಲ್ಲ. ಆದರೆ ಕಾಗದ ಸರಿಯಿರಬೇಕು, ಅವಧಿ ಮೀರಿರಬಾರದು.

ಮಾನವ ಹಕ್ಕು ಅಂದರೆ ಕಾನೂನಿನ ಕಣ್ಣಲ್ಲಿ ಏನು?

ಮಾತಿನಲ್ಲಿ ನಾವು ಎಲ್ಲ ಅನ್ಯಾಯಕ್ಕೂ ‘ಮಾನವ ಹಕ್ಕು ಉಲ್ಲಂಘನೆ’ ಎನ್ನುತ್ತೇವೆ. ಕಾನೂನು ಅಷ್ಟು ಧಾರಾಳಿಯಲ್ಲ. ಮಾನವ ಹಕ್ಕುಗಳ ಸಂರಕ್ಷಣಾ ಕಾಯ್ದೆ, 1993 ಇದಕ್ಕೆ ಒಂದು ಎಲ್ಲೆ ಹಾಕಿದೆ. ವ್ಯಕ್ತಿಯ ಜೀವ, ಸ್ವಾತಂತ್ರ್ಯ, ಸಮಾನತೆ ಮತ್ತು ಘನತೆ, ಈ ನಾಲ್ಕಕ್ಕೆ ಸಂಬಂಧಿಸಿದ ಹಕ್ಕಾಗಿರಬೇಕು. ಅದಕ್ಕೆ ಸಂವಿಧಾನದ ಖಾತರಿ ಇರಬೇಕು, ಇಲ್ಲವೇ ಅದು ಅಂತಾರಾಷ್ಟ್ರೀಯ ಒಡಂಬಡಿಕೆಗಳಲ್ಲಿದ್ದು ನಮ್ಮ ನ್ಯಾಯಾಲಯಗಳು ಜಾರಿಗೊಳಿಸಬಲ್ಲಂಥದ್ದಾಗಿರಬೇಕು.

ಇದನ್ನು ನಮ್ಮ ಊರಿನ ಸಂಗತಿಗಳಿಗೆ ಇಳಿಸಿ ನೋಡಿ. ಠಾಣೆಯಲ್ಲಿ ಹೊಡೆತ ತಿಂದರೆ ಅದು ಜೀವ ಮತ್ತು ಘನತೆಯ ಪ್ರಶ್ನೆ, ಸಂವಿಧಾನದ 21ನೇ ವಿಧಿ. ಹಿಡಿದ 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸದಿದ್ದರೆ ಸ್ವಾತಂತ್ರ್ಯದ ಪ್ರಶ್ನೆ, 22ನೇ ವಿಧಿ. ಸರ್ಕಾರಿ ಹಾಸ್ಟೆಲಿನಲ್ಲಿ ಜಾತಿ ನೋಡಿ ತಟ್ಟೆ ಬೇರೆ ಇಟ್ಟರೆ ಸಮಾನತೆಯದು. ಪಹಣಿಯಲ್ಲಿ ಹೆಸರು ತಪ್ಪಾಗಿ ಬಿದ್ದಿದ್ದರೆ? ಸಂಕಟದ ಮಾತು ನಿಜ, ಆದರೆ ಅದಕ್ಕೆ ತಹಶೀಲ್ದಾರರು, ಉಪವಿಭಾಗಾಧಿಕಾರಿಗಳು ಇದ್ದಾರೆ. ಆಯೋಗಕ್ಕೆ ಅದನ್ನು ಕಳಿಸಿದರೆ ವಾಪಸ್ ಬರುವ ಸಾಧ್ಯತೆಯೇ ಹೆಚ್ಚು.

ದಿಲ್ಲಿಯ ರಾಷ್ಟ್ರೀಯ ಆಯೋಗ ಇದೇ ಕಾಯ್ದೆಯಡಿ 1993ರ ಅಕ್ಟೋಬರಿನಲ್ಲಿ ಶುರುವಾಯಿತು. ನಮ್ಮ ರಾಜ್ಯದ ಆಯೋಗದ ಅಧಿಸೂಚನೆ ಹೊರಟದ್ದು 2005ರಲ್ಲಿ, ಕೆಲಸ ಆರಂಭವಾದದ್ದು 2007ರಲ್ಲಿ. ರಾಜ್ಯ ಆಯೋಗದಲ್ಲಿ ಒಬ್ಬ ಅಧ್ಯಕ್ಷರು, ಇಬ್ಬರು ಸದಸ್ಯರು. ಅಧ್ಯಕ್ಷರಾಗುವವರು ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿಯೋ ನ್ಯಾಯಮೂರ್ತಿಯೋ ಆಗಿದ್ದವರಾಗಿರಬೇಕು. ತನಿಖೆಗೆ ಅದಕ್ಕೆ ತನ್ನದೇ ಪೊಲೀಸ್ ಸಿಬ್ಬಂದಿ ಇದೆ. ಅದರ ಮುಖ್ಯಸ್ಥರು ಐಜಿಪಿ (ಪೊಲೀಸ್ ಮಹಾನಿರೀಕ್ಷಕ) ದರ್ಜೆಗಿಂತ ಕೆಳಗಿನವರಾಗಿರಬಾರದು ಎಂದು ಕಾಯ್ದೆಯೇ ಹೇಳುತ್ತದೆ.

ಯಾರ ಮೇಲೆ ದೂರು?

ಹೆಚ್ಚಿನ ಅರ್ಜಿಗಳು ಎಡವುವುದು ಇಲ್ಲಿ. ಆಯೋಗ ವಿಚಾರಿಸುವುದು ಸಾರ್ವಜನಿಕ ನೌಕರನ ತಪ್ಪನ್ನು: ಪೊಲೀಸರು, ಜೈಲಿನವರು, ಸರ್ಕಾರಿ ವೈದ್ಯರು, ನಗರಸಭೆ, ಪಂಚಾಯಿತಿ, ಸರ್ಕಾರಿ ಶಾಲೆ, ಹಾಸ್ಟೆಲ್ ವಾರ್ಡನ್, ಕಂದಾಯ, ಕರೆಂಟು ಕೊಡುವ ಜೆಸ್ಕಾಂ ಹೀಗೆ.

ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆ ಭಾಗದಲ್ಲಿ, ಮಾನ್ವಿ, ಸಿರವಾರದ ಕಡೆ ಹೊಲ ಇದ್ದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಮೇಲಿನ ಹೊಲದವನು ರಾತ್ರೋರಾತ್ರಿ ಕಾಲುವೆ ಒಡೆದು ನೀರು ತಿರುಗಿಸಿಕೊಂಡರೆ ಅದು ಅವನಿಗೂ ನಿಮಗೂ ಇರುವ ತಂಟೆ. ಆದರೆ ಸಂಬಳ ಪಡೆದು ನೀರು ಬಿಡುವ ನೀರಗಂಟಿಯೇ ನಿಮ್ಮ ತೂಬು ಮುಚ್ಚಿದರೆ? ಒಡೆಯುವವನಿಗೆ ತಾನೇ ಹಾರೆ ಕೊಟ್ಟರೆ? ಒಡೆಯುವುದು ಗೊತ್ತಿದ್ದೂ, ನೀವು ಹೋಗಿ ಹೇಳಿದರೂ, ಗುಡಿ ಕಟ್ಟೆ ಬಿಟ್ಟು ಏಳದಿದ್ದರೆ? ಈ ಮೂರೂ ನೀರಗಂಟಿಯ ತಪ್ಪು. ಕಾಯ್ದೆಯ ಭಾಷೆಯಲ್ಲಿ ಮೊದಲನೆಯದು ಉಲ್ಲಂಘನೆ, ಎರಡನೆಯದು ಕುಮ್ಮಕ್ಕು, ಮೂರನೆಯದು ಉಲ್ಲಂಘನೆಯನ್ನು ತಡೆಯುವುದರಲ್ಲಿ ತೋರಿದ ನಿರ್ಲಕ್ಷ್ಯ. ಮೂರಕ್ಕೂ ದೂರು ಕೊಡಬಹುದು.

ಮೂರನೆಯದನ್ನು ಜನ ಮರೆತುಬಿಡುತ್ತಾರೆ, ಆದರೆ ನಮ್ಮ ಭಾಗಕ್ಕೆ ಹೆಚ್ಚು ಬೇಕಾದದ್ದು ಅದೇ. ಗಂಗಾವತಿ ತಾಲ್ಲೂಕಿನ ಮರಕುಂಬಿಯಲ್ಲಿ 2014ರ ಆಗಸ್ಟಿನಲ್ಲಿ ದಲಿತರ ಗುಡಿಸಲುಗಳಿಗೆ ಬೆಂಕಿ ಹಚ್ಚಿದರು. 2024ರ ಅಕ್ಟೋಬರಿನಲ್ಲಿ ಕೊಪ್ಪಳದ ಸೆಷನ್ಸ್ ನ್ಯಾಯಾಲಯ 98 ಮಂದಿಗೆ ಜೀವಾವಧಿ ಶಿಕ್ಷೆ ವಿಧಿಸಿತು. ಬೆಂಕಿ ಹಚ್ಚಿದವರು ಊರಿನವರು. ಅವರನ್ನು ವಿಚಾರಿಸಬೇಕಾದದ್ದು ಕ್ರಿಮಿನಲ್ ನ್ಯಾಯಾಲಯ, ಅದು ಆಯೋಗದ ಕೆಲಸವಲ್ಲ. ಆದರೆ ಯಾವುದೇ ಊರಿನಲ್ಲಿ ‘ನಮ್ಮ ಕೇರಿಗೆ ಅಪಾಯವಿದೆ, ಬಂದೋಬಸ್ತ್ ಕೊಡಿ’ ಎಂದು ಮುಂಚೆಯೇ ಅರ್ಜಿ ಕೊಟ್ಟು, ಅದಕ್ಕೆ ಸ್ವೀಕೃತಿ ಪಡೆದು, ಆಮೇಲೂ ಯಾರೂ ಬರದೆ ಅನಾಹುತವಾದರೆ, ಬಾರದ ಅಧಿಕಾರಿಯ ಮೇಲೆ ಆಯೋಗಕ್ಕೆ ಹೋಗಬಹುದು. ಕೊಪ್ಪಳದ ಗಿಣಿಗೇರಿ ಸುತ್ತ ಮನೆಯ ಮಾಳಿಗೆ ಮೇಲೆ ಕುಳಿತ ಕಪ್ಪು ದೂಳಿನ ಲೆಕ್ಕವೂ ಹೀಗೆಯೇ. ಖಾಸಗಿ ಕಾರ್ಖಾನೆ ಸಾರ್ವಜನಿಕ ನೌಕರನಲ್ಲ. ಅಳತೆ ಮಾಡಿ ಕ್ರಮ ಕೈಗೊಳ್ಳಬೇಕಾದ ಮಾಲಿನ್ಯ ನಿಯಂತ್ರಣ ಮಂಡಳಿಯ ಅಧಿಕಾರಿ ಸಾರ್ವಜನಿಕ ನೌಕರ. ದೂರು ಕಾರ್ಖಾನೆಯ ಹೆಸರಿನಲ್ಲಿ ಹೋದರೆ ಬಿದ್ದುಹೋಗುತ್ತದೆ. ‘ಇಂಥ ದಿನ ಮಂಡಳಿಗೆ ಅರ್ಜಿ ಕೊಟ್ಟೆವು, ಇಷ್ಟು ತಿಂಗಳಾದರೂ ಸ್ಥಳಕ್ಕೆ ಬರಲಿಲ್ಲ’ ಎಂದು ಹೋದರೆ ನಿಲ್ಲುತ್ತದೆ.

ಹಾಗಾಗಿ ಸಣ್ಣ ಅರ್ಜಿಗಾದರೂ ಸ್ವೀಕೃತಿ ಪಡೆಯುವ ಅಭ್ಯಾಸ ಬೇಕು. ‘ಇರ್ಲಿ ಬಿಡವ್ವಾ, ಸಾಹೇಬ್ರಿಗೆ ಕೊಡ್ತೀನಿ’ ಎಂದು ಅರ್ಜಿ ಇಸಿದುಕೊಳ್ಳುವ ಗುಮಾಸ್ತ ನಾಳೆ ಅಂಥ ಅರ್ಜಿಯೇ ಬಂದಿಲ್ಲ ಎನ್ನಬಹುದು. ಸೀಲು ಹಾಕಿಕೊಡದಿದ್ದರೆ ಅದನ್ನೇ ಅಂಚೆಯಲ್ಲಿ ಕಳಿಸಿ, ಚೀಟಿ ಇಟ್ಟುಕೊಳ್ಳಿ.

ಖಾಸಗಿ ಆಸ್ಪತ್ರೆಯ ಮೇಲಿನ ದೂರು ನೇರವಾಗಿ ಇಲ್ಲಿಗೆ ಬರುವುದಿಲ್ಲ. ಅದಕ್ಕೆ ಗ್ರಾಹಕರ ಆಯೋಗ ಇದೆ, ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯಡಿ ಜಿಲ್ಲಾಧಿಕಾರಿ ಅಧ್ಯಕ್ಷತೆಯ ಪ್ರಾಧಿಕಾರ ಇದೆ.

ಆಯೋಗ ಕೈಹಾಕದ ವಿಷಯಗಳು

ಆಸ್ತಿ ವ್ಯಾಜ್ಯ, ಕರಾರಿನ ಜಗಳ, ನೌಕರಿಯ ಬಡ್ತಿ–ವರ್ಗಾವಣೆ, ಕಾರ್ಮಿಕ ವ್ಯಾಜ್ಯ, ಇವನ್ನು ಸಾಮಾನ್ಯವಾಗಿ ತೆಗೆದುಕೊಳ್ಳುವುದಿಲ್ಲ. ಹೆಸರಿಲ್ಲದ ಅರ್ಜಿ, ಸುಳ್ಳು ಹೆಸರಿನ ಅರ್ಜಿ, ಏನು ನಡೆಯಿತೆಂದೇ ತಿಳಿಯದ ಅರ್ಜಿಗಳೂ ನಿಲ್ಲುವುದಿಲ್ಲ. ನ್ಯಾಯಾಲಯದಲ್ಲಿ ಅದೇ ವಿಷಯ ನಡೆಯುತ್ತಿದ್ದರೂ ಅಷ್ಟೇ.

ಇಲ್ಲಿ ಒಂದು ಗೊಂದಲ ಬಿಡಿಸಬೇಕು. ಮಗನ ಮೇಲೆ ಕಳ್ಳತನದ ಕೇಸು ಇದೆ, ಠಾಣೆಯಲ್ಲಿ ಅವನನ್ನು ಹೊಡೆದಿದ್ದಾರೆ. ‘ಕೇಸು ಕೋರ್ಟಿನಲ್ಲಿದೆ, ಆಯೋಗಕ್ಕೆ ಬರೆಯುವಂತಿಲ್ಲ’ ಎಂದು ಯಾರೋ ಹೇಳುತ್ತಾರೆ. ಅವನು ಕದ್ದನೋ ಇಲ್ಲವೋ ಎಂಬುದು ಕೋರ್ಟಿನ ಮುಂದಿರುವ ವಿಷಯ. ಅವನನ್ನು ಹೊಡೆದದ್ದು ಬೇರೆ ವಿಷಯ. ದೂರಿನಲ್ಲಿ ಇವೆರಡನ್ನೂ ಬೇರೆಬೇರೆ ಮಾಡಿ, ‘ಹೊಡೆದ ವಿಷಯ ಯಾವ ನ್ಯಾಯಾಲಯದ ಮುಂದೆಯೂ ಇಲ್ಲ’ ಎಂದು ಸ್ಪಷ್ಟವಾಗಿ ಬರೆಯಬೇಕು.

ಎಲ್ಲಕ್ಕಿಂತ ಗಟ್ಟಿ ಗೋಡೆ ಅವಧಿಯದು. ಘಟನೆ ನಡೆದ ದಿನದಿಂದ ಒಂದು ವರ್ಷ ದಾಟಿದರೆ ಆಯೋಗ ವಿಚಾರಣೆ ನಡೆಸುವಂತಿಲ್ಲ. ಇದು ಕಾಯ್ದೆಯ 36ನೇ ಕಲಮು. ರಾಷ್ಟ್ರೀಯ ಆಯೋಗವೇ ಈ ಗಡುವು ಮೀರಿದ್ದ ಒಂದು ಪ್ರಕರಣದಲ್ಲಿ, ಕಾಯ್ದೆ ಕೊಟ್ಟಷ್ಟೇ ಅಧಿಕಾರ, ಅದರಾಚೆ ಇಲ್ಲ ಎಂದು ಸುಪ್ರೀಂ ಕೋರ್ಟ್ ಹೇಳಿತು. ನಮ್ಮಲ್ಲಿ ಬಹಳ ಕುಟುಂಬಗಳು ಮೊದಲು ಶಾಸಕರ ಮನೆ, ಆಮೇಲೆ ಸಂಘಟನೆಯ ಮುಖಂಡರು, ಆಮೇಲೆ ಧರಣಿ, ಆಮೇಲೆ ಜಿಲ್ಲಾಧಿಕಾರಿಗೆ ಮನವಿ ಎಂದು ಅಲೆಯುವಷ್ಟರಲ್ಲಿ ವರ್ಷ ಉರುಳಿರುತ್ತದೆ. ಇವ್ಯಾವುವೂ ಗಡುವನ್ನು ನಿಲ್ಲಿಸುವುದಿಲ್ಲ. ಧರಣಿ ಬೇಡವೆಂದಲ್ಲ, ಅದರ ಜೊತೆಗೇ ಕಾಗದವೂ ಹೋಗಿರಲಿ.

ಬರೀ ವಿಳಂಬ, ಲಂಚ, ಕೆಲಸ ಮಾಡಿಕೊಡದಿರುವುದು ಇಂಥವಕ್ಕೆ ಬೇರೆ ಬಾಗಿಲುಗಳಿವೆ. ಲಂಚಕ್ಕೆ ಮತ್ತು ದುರಾಡಳಿತಕ್ಕೆ ಲೋಕಾಯುಕ್ತ, ಸಮಯಕ್ಕೆ ಸರಿಯಾಗಿ ಸೇವೆ ಸಿಗದಿದ್ದರೆ ಸಕಾಲ, ಸಾಮಾನ್ಯ ಕುಂದುಕೊರತೆಗೆ ಜನಸ್ಪಂದನದ 1902.

ಬೆಂಗಳೂರಿಗೋ, ದಿಲ್ಲಿಗೋ?

ಎರಡು ಆಯೋಗಗಳ ಅಧಿಕಾರ ಬಹುಮಟ್ಟಿಗೆ ಒಂದೇ, ಆದರೆ ರಾಜ್ಯ ಆಯೋಗ ಕೇಂದ್ರದ ಪಟ್ಟಿಯ ವಿಷಯಗಳನ್ನು ಮುಟ್ಟುವಂತಿಲ್ಲ. ಪೊಲೀಸ್ ಠಾಣೆ, ಬಳ್ಳಾರಿ ಕೇಂದ್ರ ಕಾರಾಗೃಹ, ಜಿಲ್ಲಾ ಆಸ್ಪತ್ರೆ, ನಗರಸಭೆ, ಹಾಸ್ಟೆಲ್ ಇವೆಲ್ಲ ಬೆಂಗಳೂರಿಗೆ. ರಾಯಚೂರು ನಿಲ್ದಾಣದಲ್ಲಿ ರೈಲ್ವೆ ರಕ್ಷಣಾ ದಳದವರು ಹೊಡೆದರೆ ಅದು ದಿಲ್ಲಿಗೆ, ಯಾಕೆಂದರೆ ರೈಲ್ವೆ ಕೇಂದ್ರದ್ದು. ಸೇನೆಯ ಮೇಲಿನ ದೂರಿಗೆ ದಿಲ್ಲಿಯಲ್ಲೂ ಬೇರೆ ವಿಧಾನವಿದೆ: ಅಲ್ಲಿ ಆಯೋಗ ಕೇಂದ್ರ ಸರ್ಕಾರದಿಂದ ವರದಿ ತರಿಸಿಕೊಳ್ಳಬಹುದು, ತಾನೇ ತನಿಖೆಗೆ ಇಳಿಯುವಂತಿಲ್ಲ.

‘ಎರಡೂ ಕಡೆ ಹಾಕೋಣ, ಒಂದಾದರೂ ಹತ್ತೀತು’ ಎಂಬ ಲೆಕ್ಕಾಚಾರ ಇಲ್ಲಿ ತಿರುಗಿ ಬೀಳುತ್ತದೆ. ಒಂದು ಆಯೋಗದ ಮುಂದಿರುವುದನ್ನು ಇನ್ನೊಂದು ವಿಚಾರಿಸಬಾರದು ಎಂದು ಕಾಯ್ದೆಯಲ್ಲೇ ಇದೆ. ಮಹಿಳಾ ಆಯೋಗ, ಮಕ್ಕಳ ಹಕ್ಕುಗಳ ಆಯೋಗ, ಪರಿಶಿಷ್ಟ ಜಾತಿ–ಪಂಗಡಗಳ ಆಯೋಗದಂಥವುಗಳ ಮುಂದೆ ವಿಷಯ ಇದ್ದಾಗಲೂ ಇದೇ ತೊಡಕು ಬರುತ್ತದೆ. ಒಂದನ್ನು ಆರಿಸಿ, ಅದರ ಬೆನ್ನು ಹತ್ತುವುದು ಮೇಲು.

ರಾಜ್ಯ ಆಯೋಗದ ಕಚೇರಿ ಬೆಂಗಳೂರಿನ ಡಾ. ಬಿ.ಆರ್. ಅಂಬೇಡ್ಕರ್ ಬೀದಿಯ ಬಹುಮಹಡಿ ಕಟ್ಟಡದಲ್ಲಿದೆ. ದೂರು ಕನ್ನಡದಲ್ಲಿ ಬರೆಯಬಹುದು. ದಿಲ್ಲಿಗೂ ಕನ್ನಡ ನಡೆಯುತ್ತದೆ, ಸಂವಿಧಾನದ 8ನೇ ಅನುಸೂಚಿಯಲ್ಲಿರುವ ಯಾವ ಭಾಷೆಯಾದರೂ ಆದೀತು. ರಾಷ್ಟ್ರೀಯ ಆಯೋಗಕ್ಕೆ ಎಚ್‌ಆರ್‌ಸಿನೆಟ್ ಜಾಲತಾಣದ ಮೂಲಕ ಆನ್‌ಲೈನಿನಲ್ಲೂ ದೂರು ಕೊಡಬಹುದು, ಹತ್ತಿರದ ಸಿಎಸ್‌ಸಿ (ಸಾಮಾನ್ಯ ಸೇವಾ ಕೇಂದ್ರ)ಯಲ್ಲೂ ಮಾಡಿಸಬಹುದು. ಅದರ ಉಚಿತ ಸಹಾಯವಾಣಿ 14433. ಶುಲ್ಕ ಇಲ್ಲ, ಛಾಪಾ ಕಾಗದ ಬೇಕಿಲ್ಲ, ಬಿಳಿ ಹಾಳೆ ಸಾಕು.

ನೊಂದವರೇ ಬರೆಯಬೇಕೆಂದೂ ಇಲ್ಲ. ಅವರ ಪರವಾಗಿ ಯಾರು ಬೇಕಾದರೂ ಕೊಡಬಹುದು. ಜೈಲಿನಲ್ಲಿರುವವನ ತಾಯಿ, ಮಾತು ಬಾರದ ಕೂಲಿಯವನ ಪಕ್ಕದ ಮನೆಯವರು, ಶಾಲೆಯ ಮೇಷ್ಟ್ರು, ಯಾರಾದರೂ. ಯಾರೂ ಕೊಡದಿದ್ದರೂ ಪತ್ರಿಕೆಯಲ್ಲಿ ಸುದ್ದಿ ಓದಿ ಆಯೋಗ ತಾನಾಗಿಯೇ ಎತ್ತಿಕೊಳ್ಳುವ ಅಧಿಕಾರವೂ ಇದೆ.

ಕಾಗದ ಬರೆಯುವುದು

ಕೋರ್ಟ್ ಆವರಣದ ಮುಂದೆ ಟೈಪ್ ಮಾಡಿಕೊಡುವವರ ಹತ್ತಿರ ಒಂದು ಸಿದ್ಧ ಧಾಟಿ ಇದೆ. ಅದರಲ್ಲಿ ದೂರು ಹೀಗೆ ಹೊರಡುತ್ತದೆ: ‘ಸದರಿ ಪೊಲೀಸರು ನಮ್ಮ ಮೇಲೆ ಅಮಾನುಷ ದೌರ್ಜನ್ಯ ಎಸಗಿ, ಕಾನೂನನ್ನು ಗಾಳಿಗೆ ತೂರಿ, ಪ್ರಜಾಪ್ರಭುತ್ವದ ಕಗ್ಗೊಲೆ ಮಾಡಿದ್ದು, ಮಾನ್ಯರು ದಯಮಾಡಿ ನ್ಯಾಯ ಒದಗಿಸಿಕೊಡಬೇಕೆಂದು ಕಳಕಳಿಯ ಪ್ರಾರ್ಥನೆ.’ ಓದಲು ಖಡಕ್ ಆಗಿದೆ. ಆದರೆ ಯಾವ ಪೊಲೀಸರು? ಯಾವ ದಿನ? ಏನು ಮಾಡಿದರು? ಆಯೋಗದ ಮೇಜಿನ ಮೇಲೆ ಇದನ್ನು ತೆರೆದವರಿಗೆ ಯಾರಿಂದ ವರದಿ ಕೇಳಬೇಕೆಂದೇ ತಿಳಿಯುವುದಿಲ್ಲ.

ಅದೇ ಸಂಗತಿಯನ್ನು ಹೀಗೆ ಬರೆದರೆ (ಇದು ತೋರಿಸಲೆಂದು ಕಟ್ಟಿದ ಕಥೆ):

‘12ನೇ ತಾರೀಕು ರಾತ್ರಿ ಸುಮಾರು ಒಂಬತ್ತೂವರೆಗೆ ನಮ್ಮ ಗ್ರಾಮೀಣ ಠಾಣೆಯ ಒಬ್ಬ ಹೆಡ್ ಕಾನ್‌ಸ್ಟೇಬಲ್ ಮತ್ತು ಮಫ್ತಿಯಲ್ಲಿದ್ದ ಇನ್ನೊಬ್ಬರು ಮನೆಗೆ ಬಂದು 23 ವರ್ಷದ ನನ್ನ ಮಗನನ್ನು ಜೀಪಿನಲ್ಲಿ ಕರೆದುಕೊಂಡು ಹೋದರು. ಕಾರಣ ಹೇಳಲಿಲ್ಲ, ಕಾಗದ ಕೊಡಲಿಲ್ಲ. ಪಕ್ಕದ ಮನೆಯ ಇಬ್ಬರು ನೋಡಿದ್ದಾರೆ. 13ರಂದು ಮತ್ತು 14ರಂದು ನಾನೂ ನನ್ನ ತಮ್ಮನೂ ಠಾಣೆಗೆ ಹೋದೆವು, ಒಳಗೆ ಬಿಡಲಿಲ್ಲ. ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಲಿಲ್ಲ. 15ರಂದು ಸಂಜೆ ಬಿಟ್ಟರು. ಅದೇ ರಾತ್ರಿ ತಾಲ್ಲೂಕು ಆಸ್ಪತ್ರೆಯಲ್ಲಿ ತೋರಿಸಿದೆವು. ಬೆನ್ನಿನ ಮೇಲೂ ಎಡ ಅಂಗಾಲಿನಲ್ಲೂ ಬಾಸುಂಡೆಗಳಿವೆ ಎಂದು ವೈದ್ಯರು ಬರೆದ ಚೀಟಿ ಲಗತ್ತಿಸಿದೆ.’

ಇಲ್ಲಿ ‘ದೌರ್ಜನ್ಯ’ ಎಂಬ ಮಾತೇ ಇಲ್ಲ, ಆದರೆ ಪ್ರತಿ ವಾಕ್ಯವೂ ಒಂದೊಂದು ಹಕ್ಕಿಗೆ ಹೋಗಿ ತಾಗುತ್ತದೆ. ಕಾರಣ ಹೇಳದೆ ಹಿಡಿದದ್ದು, ಕಾಗದ ಕೊಡದ್ದು, 24 ಗಂಟೆ ಮೀರಿ ಇಟ್ಟದ್ದು, ಹೊಡೆದದ್ದು. ಬಂಧಿಸುವಾಗ ಹೆಸರಿನ ಪಟ್ಟಿ ಧರಿಸಿರಬೇಕು, ಸಾಕ್ಷಿಯ ಸಹಿಯೊಂದಿಗೆ ಬಂಧನ ಪತ್ರ ಬರೆಯಬೇಕು, ಮನೆಯವರಿಗೆ ತಿಳಿಸಬೇಕು ಎಂದು ಸುಪ್ರೀಂ ಕೋರ್ಟ್ 1996ರ ಡಿ.ಕೆ. ಬಸು ಪ್ರಕರಣದಲ್ಲೇ ವಿಧಿಸಿದೆ. ಹಾಗಾಗಿ ‘ಕಾಗದ ಕೊಡಲಿಲ್ಲ’ ಎಂಬ ಎರಡು ಪದ ಚಿಕ್ಕ ಆರೋಪವಲ್ಲ. ಅಧಿಕಾರಿಯ ಹೆಸರು ಗೊತ್ತಿಲ್ಲದಿದ್ದರೆ ಹುದ್ದೆ, ಠಾಣೆ, ಜೀಪಿನ ನಂಬರು, ನೋಡಲು ಹೇಗಿದ್ದರು ಎಂಬುದನ್ನು ಬರೆದರೆ ಸಾಕು. ಹೆಸರು ಹುಡುಕುವುದು ವರದಿ ಕೊಡುವವರ ಕೆಲಸ. ಊಹೆಯಿಂದ ತಪ್ಪು ಹೆಸರು ಬರೆದರೆ ಮಾತ್ರ ಇಡೀ ದೂರು ಸಡಿಲಾಗುತ್ತದೆ.

ಕೊನೆಗೆ ಏನು ಬೇಕೆಂದು ಹೇಳಬೇಕು. ‘ನ್ಯಾಯ ಕೊಡಿ’ ಎಂದರೆ ಎಲ್ಲವನ್ನೂ ಹೇಳಿದಂತೆ, ಏನನ್ನೂ ಹೇಳದಂತೆ. ವರದಿ ತರಿಸಿಕೊಳ್ಳಿ, ಠಾಣೆಯ ಆ ನಾಲ್ಕು ದಿನಗಳ ಸಿಸಿಟಿವಿ ದೃಶ್ಯ ಅಳಿಸದಂತೆ ಆದೇಶಿಸಿ, ಚಿಕಿತ್ಸೆಗೆ ತಕ್ಷಣದ ಮಧ್ಯಂತರ ಪರಿಹಾರಕ್ಕೆ ಶಿಫಾರಸು ಮಾಡಿ, ತಪ್ಪಿತಸ್ಥರ ಮೇಲೆ ಕ್ರಮಕ್ಕೂ ಪರಿಹಾರಕ್ಕೂ ಶಿಫಾರಸು ಮಾಡಿ: ಇವೆಲ್ಲ ಆಯೋಗದ ಕೈಲಾಗುವ ಕೆಲಸಗಳು, ಹಾಗಾಗಿ ಹೆಸರಿಸಿ ಕೇಳಬಹುದು. ಪೂರ್ಣ ವಿಳಾಸ, ಫೋನ್ ನಂಬರು, ಸಹಿ ಇರಲಿ. ಹೆಬ್ಬೆಟ್ಟಾದರೂ ಆದೀತು. ಸ್ಪೀಡ್ ಪೋಸ್ಟಿನಲ್ಲಿ ಕಳಿಸಿದರೆ ತಲುಪಿದ್ದಕ್ಕೆ ದಾಖಲೆ ಉಳಿಯುತ್ತದೆ. ಮೂಲ ದಾಖಲೆ ಕಳಿಸಬೇಡಿ, ನಕಲು ಸಾಕು.

ಗಾಯ ಮಾಗುವ ಮೊದಲು

ಕಾಯ್ದೆ ಒಂದು ವರ್ಷ ಕೊಟ್ಟಿದೆ, ಆದರೆ ಸಾಕ್ಷ್ಯ ಅಷ್ಟು ದಿನ ಕಾಯುವುದಿಲ್ಲ. ಬಾಸುಂಡೆ ವಾರದಲ್ಲಿ ಮಾಯುತ್ತದೆ. ಹಾಗಾಗಿ ಮೊದಲು ಹೋಗಬೇಕಾದದ್ದು ಸರ್ಕಾರಿ ಆಸ್ಪತ್ರೆಗೆ. ‘ಬಿದ್ದೆ’ ಎಂದು ಬರೆಸಬೇಡಿ. ಹೇಗೆ ಆಯಿತೋ ಹಾಗೆಯೇ ಹೇಳಿ, ಎಂಎಲ್‌ಸಿ, ಅಂದರೆ ಕಾನೂನಿಗೆ ಸಂಬಂಧಿಸಿದ ಗಾಯವೆಂದು ಆಸ್ಪತ್ರೆಯ ದಾಖಲೆ, ಮಾಡಿಸಿ, ನಂಬರು ಬರೆದುಕೊಳ್ಳಿ. ಬಂಧಿತನನ್ನು ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಿದಾಗ ಪೊಲೀಸರಿಂದ ಏನಾದರೂ ತೊಂದರೆಯಾಯಿತೇ ಎಂಬ ಪ್ರಶ್ನೆ ಬರುತ್ತದೆ. ಹೆದರಿಕೆಯಿಂದ ‘ಇಲ್ಲ ಸ್ವಾಮಿ’ ಎಂದುಬಿಟ್ಟರೆ ಆ ಎರಡು ಪದ ಮುಂದೆ ಎಲ್ಲ ಕಡೆಯೂ ಅಡ್ಡ ನಿಲ್ಲುತ್ತವೆ. ಬಾಯಿ ಬಿಡಬೇಕಾದ ಜಾಗ ಅದು.

ಸಿಸಿಟಿವಿಯ ಬಗ್ಗೆ 2020ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ಪರಮವೀರ ಸಿಂಗ್ ಸೈನಿ ತೀರ್ಪು ತಿಳಿದಿರಬೇಕು. ಪ್ರತಿ ಠಾಣೆಯ ಬಾಗಿಲು, ಲಾಕಪ್, ಪಡಸಾಲೆ ಎಲ್ಲ ಕಡೆ ಕ್ಯಾಮೆರಾ ಇರಬೇಕು. ದೃಶ್ಯವನ್ನು 18 ತಿಂಗಳು, ಅಂಥ ಉಪಕರಣ ಸಿಗದಿದ್ದರೆ ಕನಿಷ್ಠ 1 ವರ್ಷ ಕಾಪಾಡಬೇಕು. ಠಾಣೆಯಲ್ಲಿ ಬಲಪ್ರಯೋಗದಿಂದ ಗಂಭೀರ ಗಾಯವಾದರೆ ಅಥವಾ ಸಾವಾದರೆ ನೊಂದವರು ರಾಜ್ಯ ಮಾನವ ಹಕ್ಕುಗಳ ಆಯೋಗಕ್ಕೆ ದೂರು ಕೊಡಬಹುದು, ಆಯೋಗ ಆ ದೃಶ್ಯವನ್ನು ತರಿಸಿಕೊಳ್ಳಬಹುದು. ಕಾಗದದ ಮೇಲೆ ಇಷ್ಟಿದ್ದರೂ ‘ಆ ದಿನ ಕ್ಯಾಮೆರಾ ಕೆಟ್ಟಿತ್ತು’ ಎಂಬ ಉತ್ತರ ಬರುವುದುಂಟು. ಅದಕ್ಕೇ ಘಟನೆಯಾದ ವಾರದೊಳಗೆ ಎಸ್ಪಿಯವರಿಗೆ ‘ಈ ದಿನಗಳ ದೃಶ್ಯ ಕಾಯ್ದಿರಿಸಿ’ ಎಂದು ಒಂದು ಪತ್ರ, ಜೊತೆಗೆ ಮಾಹಿತಿ ಹಕ್ಕಿನಡಿ ಠಾಣಾ ದಿನಚರಿಯ ಪ್ರತಿ ಕೇಳಿ ಒಂದು ಅರ್ಜಿ ಹಾಕಿಡುವುದು ಜಾಣತನ. ಮಾಹಿತಿ ಹಕ್ಕಿನ ಶುಲ್ಕ 10 ರೂಪಾಯಿ, ಬಿಪಿಎಲ್ ಕುಟುಂಬಕ್ಕೆ ಅದೂ ಇಲ್ಲ. ಸಾಮಾನ್ಯ ಗಡುವು 30 ದಿನ, ಜೀವ ಅಥವಾ ಸ್ವಾತಂತ್ರ್ಯದ ಪ್ರಶ್ನೆಯಾದರೆ 48 ಗಂಟೆ. ಮಾಹಿತಿ ಕೊಡದಿದ್ದರೂ, ನೀವು ಕೇಳಿದ ದಿನಾಂಕ ದಾಖಲೆಯಲ್ಲಿ ಉಳಿಯುತ್ತದೆ.

ಕಸ್ಟಡಿಯಲ್ಲಿ ಸಾವಾದರೆ ವ್ಯವಸ್ಥೆಯೇ ಬೇರೆ. 24 ಗಂಟೆಯೊಳಗೆ ರಾಷ್ಟ್ರೀಯ ಆಯೋಗಕ್ಕೆ ತಿಳಿಸಬೇಕೆಂದು 1993ರ ಡಿಸೆಂಬರಿನಿಂದಲೇ ಸೂಚನೆ ಇದೆ, ನ್ಯಾಯಿಕ ಮ್ಯಾಜಿಸ್ಟ್ರೇಟರ ವಿಚಾರಣೆಯೂ ನಡೆಯಬೇಕು. ಮನೆಯವರು ಕೇಳಬೇಕಾದದ್ದು ಮರಣೋತ್ತರ ಪರೀಕ್ಷೆಯ ವಿಡಿಯೊ ಮತ್ತು ವರದಿಯ ಪ್ರತಿ.

ಆಸ್ಪತ್ರೆಯ ಪ್ರಕರಣಗಳಲ್ಲಿ ಬಾಸುಂಡೆ ಇರುವುದಿಲ್ಲ, ಅಲ್ಲಿ ಕೇಸ್ ಶೀಟೇ ಸಾಕ್ಷಿ. ಯಾವ ಹೊತ್ತಿಗೆ ಯಾವ ಬಾಟಲಿ ಏರಿಸಿದರು, ಯಾವ ವೈದ್ಯರು ನೋಡಿದರು, ಎಷ್ಟು ಹೊತ್ತಿಗೆ ಬೇರೆ ಆಸ್ಪತ್ರೆಗೆ ಕಳಿಸಿದರು ಎಂಬುದೆಲ್ಲ ಅದರಲ್ಲಿರುತ್ತದೆ. ದುಃಖದ ಮನೆಯಲ್ಲಿ ಇದನ್ನು ಕೇಳುವ ಮನಸ್ಸು ಯಾರಿಗೂ ಇರುವುದಿಲ್ಲ, ಹಾಗಾಗಿ ಸಂಬಂಧಿಕರಲ್ಲಿ ಒಬ್ಬರು ಆ ಕೆಲಸ ವಹಿಸಿಕೊಂಡರೆ ಒಳ್ಳೆಯದು.

ಮರೆಯಬಾರದ ಇನ್ನೊಂದು ಮಾತು: ಆಯೋಗಕ್ಕೆ ದೂರು ಕೊಟ್ಟರೆ ಪೊಲೀಸ್ ದೂರು ಕೊಟ್ಟಂತಲ್ಲ. ಅಪರಾಧ ನಡೆದಿದ್ದರೆ ಎಫ್‌ಐಆರ್ ಬೇರೆಯೇ ಆಗಬೇಕು. ಠಾಣೆಯಲ್ಲಿ ತೆಗೆದುಕೊಳ್ಳದಿದ್ದರೆ ಎಸ್ಪಿಗೆ ಬರಹದಲ್ಲಿ, ಅಲ್ಲೂ ಆಗದಿದ್ದರೆ ಮ್ಯಾಜಿಸ್ಟ್ರೇಟರಿಗೆ. ಪೊಲೀಸರ ದುರ್ನಡತೆಗೆಂದೇ ರಾಜ್ಯ ಮಟ್ಟದಲ್ಲೂ ಜಿಲ್ಲಾ ಮಟ್ಟದಲ್ಲೂ ಪೊಲೀಸ್ ದೂರು ಪ್ರಾಧಿಕಾರಗಳಿವೆ.

ಕಳಿಸಿದ ಮೇಲೆ

ದೂರಿಗೆ ಒಂದು ನಂಬರು ಬೀಳುತ್ತದೆ. ಮೊದಲ ಓದಿನಲ್ಲೇ ತಳ್ಳಿಹಾಕಬಹುದು, ‘ಸೂಕ್ತ ಕ್ರಮಕ್ಕಾಗಿ’ ಎಂದು ಸಂಬಂಧಪಟ್ಟ ಇಲಾಖೆಗೇ ಕಳಿಸಬಹುದು, ಇಲ್ಲವೇ ವರದಿ ಕೇಳಬಹುದು. ಗಂಭೀರವೆನಿಸಿದರೆ ತನ್ನ ತನಿಖಾ ವಿಭಾಗವನ್ನೇ ಕಳಿಸುತ್ತದೆ. ವಿಚಾರಣೆಯಲ್ಲಿ ಆಯೋಗಕ್ಕೆ ಸಿವಿಲ್ ನ್ಯಾಯಾಲಯದ ಅಧಿಕಾರ ಇದೆ: ಸಾಕ್ಷಿಗಳನ್ನು ಕರೆಸಬಹುದು, ಪ್ರಮಾಣ ಮಾಡಿಸಿ ಕೇಳಬಹುದು, ಕಡತ ತರಿಸಬಹುದು. ಅಲ್ಲಿ ನೀವು ಕೊಟ್ಟ ಹೇಳಿಕೆಯನ್ನು ನಿಮ್ಮ ಮೇಲೆಯೇ ಬೇರೆ ಕೇಸಿಗೆ ಬಳಸುವಂತಿಲ್ಲ, ಸುಳ್ಳು ಸಾಕ್ಷ್ಯ ನುಡಿದರೆ ಮಾತ್ರ ಆ ರಕ್ಷಣೆ ಹೋಗುತ್ತದೆ.

ಇಲಾಖೆಯ ವರದಿ ಬಂದಾಗ ಅದರ ಪ್ರತಿಯನ್ನು ನಿಮಗೆ ಕಳಿಸಿ ಉತ್ತರ ಕೇಳುವುದುಂಟು. ವರದಿಯಲ್ಲಿ ಸಾಮಾನ್ಯವಾಗಿ ‘ಆರೋಪ ನಿರಾಧಾರ, ಅರ್ಜಿದಾರರ ಮಗ ತಾನಾಗಿಯೇ ಠಾಣೆಗೆ ಬಂದಿದ್ದರು’ ಎಂಬ ಧಾಟಿ ಇರುತ್ತದೆ. ಇದನ್ನು ಓದಿ ‘ಇವರೂ ಅವರ ಕಡೆಯೇ’ ಎಂದು ಬೇಸತ್ತು ಲಕೋಟೆಯನ್ನು ಮೂಲೆಗೆ ಎಸೆದವರು ಬಹಳ. ಅದು ಆಯೋಗದ ತೀರ್ಪಲ್ಲ, ಎದುರಿನವರ ಹೇಳಿಕೆ ಅಷ್ಟೇ. ಉತ್ತರ ಹೋಗದಿದ್ದರೆ ಹೇಳುವುದೇನೂ ಇಲ್ಲವೆಂದು ತಿಳಿದು ಕಡತ ಮುಚ್ಚುತ್ತಾರೆ. ವರದಿಯ ಸಾಲುಸಾಲಿಗೆ ಉತ್ತರ ಬರೆಯಬೇಕು: ತಾನಾಗಿ ಬಂದವನು ಮೂರು ರಾತ್ರಿ ಯಾಕೆ ಉಳಿದ? ಆಸ್ಪತ್ರೆಯ ಚೀಟಿಗೆ ಏನು ಹೇಳುತ್ತೀರಿ? ವಿಳಾಸ, ಫೋನ್ ಬದಲಾದರೆ ತಿಳಿಸಿ. ಬೆಂಗಳೂರಿಗೋ ಪುಣೆಗೋ ದುಡಿಯಲು ಗುಳೆ ಹೋದ ಕುಟುಂಬಕ್ಕೆ ಬಂದ ನೋಟಿಸು ಬೀಗ ಹಾಕಿದ ಬಾಗಿಲಿಂದ ವಾಪಸಾಗುತ್ತದೆ. ಇಂಥ ಮನೆಯವರು ಊರಲ್ಲೇ ಇರುವ ಒಬ್ಬರ ವಿಳಾಸ ಕೊಡಬಹುದು.

ಶಿಫಾರಸಿಗೆ ಎಷ್ಟು ಬಲ?

ತಪ್ಪು ಕಂಡರೆ ಆಯೋಗ ಪರಿಹಾರಕ್ಕೆ, ಇಲಾಖಾ ಕ್ರಮಕ್ಕೆ, ಮೊಕದ್ದಮೆ ಹೂಡಲು ಸರ್ಕಾರಕ್ಕೆ ಶಿಫಾರಸು ಮಾಡುತ್ತದೆ. ತಾನೇ ಯಾರನ್ನೂ ಜೈಲಿಗೆ ಕಳಿಸುವುದಿಲ್ಲ, ಅಮಾನತು ಮಾಡುವುದಿಲ್ಲ. ಸರ್ಕಾರ ಒಂದು ತಿಂಗಳೊಳಗೆ, ಅಥವಾ ಆಯೋಗ ಕೊಟ್ಟ ಹೆಚ್ಚಿನ ಸಮಯದೊಳಗೆ, ಏನು ಮಾಡಿದೆವು ಎಂದು ಉತ್ತರಿಸಬೇಕು.

‘ಶಿಫಾರಸು ಅಷ್ಟೇ ತಾನೇ’ ಎಂದು ತಳ್ಳಿಹಾಕಬಹುದೇ? ಮದ್ರಾಸ್ ಹೈಕೋರ್ಟಿನ ಪೂರ್ಣಪೀಠ 2021ರಲ್ಲಿ, ಇಂಥ ಶಿಫಾರಸು ಸರ್ಕಾರವನ್ನು ಕಟ್ಟಿಹಾಕುತ್ತದೆ ಎಂದಿತು. ಅದು ತಮಿಳುನಾಡಿನ ತೀರ್ಪು, ನಮ್ಮಲ್ಲಿ ವಾದಕ್ಕೆ ಆಧಾರವಾಗಬಲ್ಲದು. ಸರ್ಕಾರ ಕದಲದಿದ್ದರೆ ಆಯೋಗವೇ ಹೈಕೋರ್ಟಿಗೆ ಹೋಗಬಹುದು, ನೀವೂ ಸಂವಿಧಾನದ 226ನೇ ವಿಧಿಯಡಿ ರಿಟ್, ಅಂದರೆ ಸರ್ಕಾರಕ್ಕೆ ಆದೇಶ ಕೊಡಿ ಎಂದು ಹೈಕೋರ್ಟನ್ನು ಕೇಳುವ ಅರ್ಜಿ, ಹಾಕಬಹುದು. ಬಳ್ಳಾರಿ, ಕೊಪ್ಪಳದವರಿಗೆ ಧಾರವಾಡ ಪೀಠ, ರಾಯಚೂರಿನವರಿಗೆ ಕಲಬುರಗಿ ಪೀಠ. ಇದಕ್ಕೆ ವಕೀಲರು ಬೇಕಾಗುತ್ತಾರೆ. ಮಹಿಳೆಯರು, ಮಕ್ಕಳು, ಪರಿಶಿಷ್ಟರು, ಅಂಗವಿಕಲರು, ಬಂಧನದಲ್ಲಿರುವವರಿಗೆ ಆದಾಯ ಎಷ್ಟೇ ಇದ್ದರೂ ಉಚಿತ ಕಾನೂನು ನೆರವು ಸಿಗುತ್ತದೆ. ಜಿಲ್ಲಾ ನ್ಯಾಯಾಲಯದ ಆವರಣದಲ್ಲೇ ಕಾನೂನು ಸೇವಾ ಪ್ರಾಧಿಕಾರದ ಕಚೇರಿ ಇರುತ್ತದೆ, ಸಹಾಯವಾಣಿ 15100. ಆಯೋಗದ ದೂರು ಬರೆಯಲೂ ಅವರ ಸಹಾಯ ಕೇಳಬಹುದು.

ಪರಿಹಾರದ ಹಣದ ಬಗ್ಗೆ ಸಂಕೋಚ ಪಡುವವರಿದ್ದಾರೆ, ಸತ್ತವರ ಹೆಸರಲ್ಲಿ ದುಡ್ಡು ಕೇಳಿದಂತೆ ಎಂದು. ಒಡಿಶಾದ ನೀಲಾಬತಿ ಬೆಹೆರಾ ಎಂಬ ತಾಯಿಯ ಪ್ರಕರಣ ಇಲ್ಲಿ ನೆನಪಿಗೆ ಬರುತ್ತದೆ. 1987ರ ಡಿಸೆಂಬರಿನಲ್ಲಿ ಅವರ 22 ವರ್ಷದ ಮಗನನ್ನು ಪೊಲೀಸರು ಕರೆದೊಯ್ದರು. ಮರುದಿನ ರೈಲು ಹಳಿಯ ಬಳಿ ಹೆಣ ಸಿಕ್ಕಿತು. ಆಕೆ ಸುಪ್ರೀಂ ಕೋರ್ಟಿಗೆ ಬರೆದದ್ದು ಒಂದು ಪತ್ರ. ಅದನ್ನೇ ರಿಟ್ ಅರ್ಜಿಯೆಂದು ತೆಗೆದುಕೊಂಡ ನ್ಯಾಯಾಲಯ 1993ರಲ್ಲಿ 1,50,000 ರೂಪಾಯಿ ಕೊಡಿಸಿತು. ಮೂಲಭೂತ ಹಕ್ಕು ಮುರಿದಾಗ ಸರ್ಕಾರ ಪರಿಹಾರ ಕೊಡಲೇಬೇಕು, ‘ನಾವು ಸರ್ಕಾರ, ನಮ್ಮ ಮೇಲೆ ಹಾಕುವಂತಿಲ್ಲ’ ಎಂಬ ವಾದ ನಡೆಯದು ಎಂದಿತು. ಅಂದರೆ ಈ ಹಣ ದಯೆಯಿಂದ ಕೊಟ್ಟದ್ದಲ್ಲ, ತಪ್ಪು ಒಪ್ಪಿಕೊಂಡದ್ದರ ಗುರುತು. ಅದನ್ನು ತಪ್ಪು ಮಾಡಿದ ಅಧಿಕಾರಿಯಿಂದ ವಸೂಲು ಮಾಡಿ ಎಂದು ಆಯೋಗ ಹೇಳುವುದೂ ಉಂಟು.

ಕಾರಿನ ಮೇಲಿನ ಬೋರ್ಡು

ಹೊಸಪೇಟೆ ರಸ್ತೆಯಲ್ಲೋ ಸಿಂಧನೂರು ಬಸ್ ನಿಲ್ದಾಣದ ಬಳಿಯೋ ‘ಮಾನವ ಹಕ್ಕುಗಳು’ ಎಂದು ದಪ್ಪಕ್ಷರದ ಬೋರ್ಡು ತಗುಲಿಸಿಕೊಂಡ ಕಾರುಗಳು ಕಾಣುತ್ತವೆ. ಸಿಂಹದ ಲಾಂಛನ ಹೋಲುವ ಗುರುತು, ಕೊರಳಿಗೆ ಐಡಿ ಕಾರ್ಡು, ‘ಜಿಲ್ಲಾಧ್ಯಕ್ಷ’ ಎಂಬ ವಿಸಿಟಿಂಗ್ ಕಾರ್ಡು. ಅವು ನೋಂದಾಯಿತ ಸಂಘ–ಸಂಸ್ಥೆಗಳಿರಬಹುದು, ಕೆಲವರು ಪ್ರಾಮಾಣಿಕವಾಗಿ ಓಡಾಡುವವರೂ ಇದ್ದಾರೆ. ಆದರೆ ಆಯೋಗಕ್ಕೂ ಅವಕ್ಕೂ ಸಂಬಂಧವಿಲ್ಲ. ಯಾರನ್ನೂ ಕರೆಸುವ, ವಿಚಾರಿಸುವ, ನೋಟಿಸು ಕೊಡುವ ಅಧಿಕಾರ ಅವರಿಗಿಲ್ಲ. ನಿಮ್ಮ ಪರವಾಗಿ ಅರ್ಜಿ ಬರೆದುಕೊಟ್ಟರೆ ಬರೆಸಿಕೊಳ್ಳಿ, ನಕಲನ್ನು ನೀವೇ ಇಟ್ಟುಕೊಳ್ಳಿ, ಅಂಚೆಗೆ ನೀವೇ ಹಾಕಿ. ‘ಆಯೋಗದ ಫೀಸು’, ‘ಫೈಲ್ ಚಾರ್ಜು’ ಎಂದು ಹಣ ಕೇಳಿದರೆ ಅಂಥ ಫೀಸೇ ಇಲ್ಲ. ತಾವೇ ಆಯೋಗದ ಅಧಿಕಾರಿಗಳು ಎಂದು ಹೇಳಿಕೊಂಡರೆ ಆ ಕಾರಿನ ನಂಬರು ಬರೆದುಕೊಂಡು ಠಾಣೆಗೆ ಕೊಡಬೇಕಾದ ದೂರು ಅದು.